ಎಳ್ಳು ಮಾರಿ

ನನ್ನನ್ನು ನೋಡಲು ಗಂಡಿನ ಕಡೆಯವರು ಹಳಿಯಾಳದ ನಮ್ಮ ಮನೆಗೆ ಬಂದ ದಿನ ಚಿಗವ್ವ, ಅವ್ವನ ತಂಗಿ, ನನ್ನ ಮುಖದ ಚುಕ್ಕೆಗಳನ್ನೆಲ್ಲ ಮುಚ್ಚಿಬಿಟ್ಟಳು. ಮೂಗಿನ ಮೇಲೆ, ಎರಡೂ ಕೆನ್ನೆಗಳ ಮೇಲೆ ನನಗೆ ಚಿಕ್ಕಂದಿನಿಂದ ಸಣ್ಣ ಸಣ್ಣ ಕಂದು ಚುಕ್ಕೆಗಳಿವೆ. ಅವ್ವ ಅವುಗಳಿಗೆ ಎಳ್ಳು ಎನ್ನುತ್ತಿದ್ದಳು. ಎಣ್ಣೆ ಹಚ್ಚಿ ಎರೆಯುವಾಗ ಹೆಬ್ಬೆರಳಿನಿಂದ ಒಂದೊಂದನ್ನೇ ಒತ್ತಿ ಎಣಿಸುತ್ತಿದ್ದಳು. ಶಾಲೆಯಲ್ಲಿ ಹುಡುಗಿಯರು ಎಳ್ಳು ಮಾರಿ, ಎಳ್ಳಿನ ಮುಖದವಳು, ಎಂದು ಕರೆಯುತ್ತಿದ್ದರು. ನನಗೆ ಅದರಿಂದ ಅಷ್ಟೇನೂ ಬೇಸರವಾಗುತ್ತಿರಲಿಲ್ಲ.

ಚಿಗವ್ವ ಹುಬ್ಬಳ್ಳಿಯಿಂದ ತಂದ ಫೌಂಡೇಶನ್ನನ್ನು ಎರಡು ಪದರು ಬಳಿದು, ಮೇಲೆ ಪೌಡರ್ ಒತ್ತಿದಳು. ಕನ್ನಡಿಯಲ್ಲಿ ನೋಡಿದರೆ ಬೇರೆ ಯಾರದೋ ಮುಖ. "ಗೊತ್ತಾದರ?" ಎಂದು ಕೇಳಿದೆ. "ಮದುವಿ ಆದಮ್ಯಾಲ ಯಾರು ನೋಡ್ತಾರ ಬಿಡ" ಎಂದಳು. ಮದುವೆಯ ದಿನವೂ ಹಾಗೇ ಬಳಿದರು.

ಅವನು ನೋಡಿದ. ದಾಂಡೇಲಿಯಲ್ಲಿ ಕಾರ್ಖಾನೆ ಕೆಲಸಗಾರರ ಓಣಿಯಲ್ಲಿ ಅವನ ಮನೆ. ಮದುವೆಯ ಮರುದಿನ ಬೆಳಿಗ್ಗೆ ನಾನು ಬಚ್ಚಲಿನಲ್ಲಿ ಮುಖ ತೊಳೆದು ಹೊರಗೆ ಬಂದಾಗ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ. ಬ್ರಷ್ ಬಾಯಲ್ಲೇ ಇಟ್ಟುಕೊಂಡು ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿದ. ಆಕಳು ಕೊಳ್ಳುವವರು ಅದರ ಬಾಯಿ ತೆರೆದು ನೋಡುತ್ತಾರಲ್ಲ, ಹಾಗೆ. ಆಮೇಲೆ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದ.

ಹೊಡೆದದ್ದು ಐದು ತಿಂಗಳಾದ ಮೇಲೆ. ಮೊದಲ ಪಾಳಿ ಮುಗಿಸಿ ಮಧ್ಯಾಹ್ನ ಊಟಕ್ಕೆ ಬಂದಿದ್ದ. ಪಲ್ಯದಲ್ಲಿ ಉಪ್ಪು ಹೆಚ್ಚಾಗಿತ್ತು. ನಾನು ಮೊಸರು ಬಡಿಸಲು ಬಾಗಿದಾಗ ಎಡಗೈಯ ಹಿಂಬದಿಯಿಂದ ಕಣ್ಣಿನ ಕೆಳಗೆ ಬಾರಿಸಿದ. ಉಂಗುರ ಎಲುಬಿಗೆ ತಾಗಿ ಕಟ್ಟಿಗೆ ಮುರಿದಂಥ ಸದ್ದು ನನ್ನ ತಲೆಯೊಳಗೇ ಕೇಳಿತು. ಮೊಸರಿನ ಬಟ್ಟಲು ಗೋಡೆಗೆ ಬಡಿದು ಬಿತ್ತು. "ಇದ ಮಾರಿ ತೋರಿಸಿದ್ದರ ನಾ ಹೂಂ ಅಂತಿದ್ದಿಲ್ಲ. ಬಣ್ಣ ಬಳದು ಗಂಟ ಹಾಕ್ಯಾರ" ಎಂದ. ಆಮೇಲೆ ಊಟ ಮುಂದುವರಿಸಿದ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅರಿವೆ ತಂದು ಮೊಸರು ಒರೆಸಿದಳು.

ಅವನು ಕುಡಿಯುತ್ತಿರಲಿಲ್ಲ. ಕುಡಿಯುತ್ತಿದ್ದರೆ ನನಗೂ ಜನಕ್ಕೂ ಅರ್ಥ ಮಾಡಿಕೊಳ್ಳಲು ಸುಲಭವಾಗುತ್ತಿತ್ತು. ಸೋಮವಾರ ಉಪವಾಸ ಮಾಡುತ್ತಿದ್ದ, ಓಣಿಯ ಹಿರಿಯರಿಗೆಲ್ಲ ಬಾಗಿ ನಮಸ್ಕಾರ ಹೇಳುತ್ತಿದ್ದ. ನನ್ನನ್ನು ಮಾತ್ರ ಮನೆಯೊಳಗೆ, ಹಗಲು ಹೊತ್ತಿನಲ್ಲಿ, ಟಿವಿ ಜೋರು ಮಾಡಿ ಹೊಡೆಯುತ್ತಿದ್ದ. ಕೂದಲು ಹಿಡಿದು ತಲೆಯನ್ನು ಕಪಾಟಿಗೆ ಜಜ್ಜಿದ್ದಾನೆ. ಒದ್ದಿದ್ದಾನೆ. ಒಮ್ಮೆ ಇಸ್ತ್ರಿ ಪೆಟ್ಟಿಗೆಯ ವಾಯರಿನಿಂದ ಬೆನ್ನಿಗೆ ಹೊಡೆದ. ಬೆನ್ನಿನದನ್ನು ಕುಪ್ಪಸ ಮುಚ್ಚುತ್ತದೆ, ಮುಖದ್ದನ್ನು ಏನು ಮುಚ್ಚುತ್ತದೆ?

ನನಗೆ ಆಗ ಇಪ್ಪತ್ತೊಂದು ವರ್ಷ. ಚುಕ್ಕೆ ಹೋದರೆ ಹೊಡೆತವೂ ಹೋಗುತ್ತದೆ ಎಂದು ನಿಜವಾಗಿಯೂ ನಂಬಿದೆ. ನಿಂಬೆಹಣ್ಣಿನ ರಸ ಹಚ್ಚಿ, ಹಿಮ್ಮಡಿ ತಿಕ್ಕುವ ಕಲ್ಲಿನಿಂದ ಮುಖ ತಿಕ್ಕಿಕೊಂಡೆ. ರಕ್ತ ಒಸರಿತು. ಆಮೇಲೆ ಅಂಗಡಿಯಿಂದ ಬ್ಲೀಚ್ ತಂದು, ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟೆ. ಮೂರು ದಿನ ಕೆನ್ನೆ ಸುಟ್ಟ ಬದನೆಕಾಯಿ ಸಿಪ್ಪೆಯ ಹಾಗೆ ಸುಲಿಯಿತು. ಸಿಪ್ಪೆ ಹೋದ ಮೇಲೆ ಕೆಳಗೆ ಚುಕ್ಕೆಗಳು ಇದ್ದ ಜಾಗದಲ್ಲೇ ಇದ್ದವು. ರೊಟ್ಟಿ ಬಡಿಯುವಾಗ ಕೈ ತಡೆಯುತ್ತಿರಲಿಲ್ಲ. ಹಿಟ್ಟಿನಲ್ಲಿ ಅವನ ಮುಖ ಕಾಣುತ್ತಿತ್ತು, ಹರಿದುಹೋಗುವ ತನಕ ಬಡಿಯುತ್ತಿದ್ದೆ. ಕಾದ ಹಂಚನ್ನು ಅವನ ತಲೆಗೆ ಹಾಕಿದರೆ ಹೇಗೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಇದನ್ನು ಬರೆಯಲು ನಾಚಿಕೆಯಿಲ್ಲ.

ಕಲೆ ಮುಚ್ಚುವ ಕನ್ಸೀಲರನ್ನು ಮೊದಲು ತಂದವನು ಅವನೇ. ಅವ್ವ ಬರುತ್ತೇನೆಂದು ಫೋನ್ ಮಾಡಿದ್ದಳು. ನನ್ನ ಕಣ್ಣಿನ ಕೆಳಗೆ ನೇರಳೆ ಬಣ್ಣ ಇನ್ನೂ ಹಾಗೇ ಇತ್ತು. ಪೇಟೆಯಿಂದ ಒಂದು ಸಣ್ಣ ಟ್ಯೂಬ್ ತಂದು ಮಡಿಲಿಗೆ ಎಸೆದ. "ಹಚ್ಚಿಕೋ. ಬಣ್ಣ ಹಚ್ಚೂದು ನಿಮ್ಮನ್ಯಾಗ ಎಲ್ಲಾರಿಗೂ ಬರ್ತದಲ್ಲ" ಎಂದ. ನನ್ನ ಮೈಬಣ್ಣಕ್ಕಿಂತ ಅದು ಬಹಳ ಬೆಳ್ಳಗಿತ್ತು. ಹಚ್ಚಿದರೆ ಕಣ್ಣಿನ ಕೆಳಗೆ ಬೂದಿ ಬಳಿದ ಹಾಗಾಯಿತು. ಆ ಸಲ ಮನೆಯಲ್ಲಿ ಎಲ್ಲರಿಗೂ ಜ್ವರ ಬಂದಿದೆ, ಬರಬೇಡ ಎಂದು ಅವ್ವನಿಗೆ ಸುಳ್ಳು ಹೇಳಿ ತಪ್ಪಿಸಿದೆ.

ಹಿಂದಿನ ಓಣಿಯಲ್ಲಿ ಒಬ್ಬ ಮುಸ್ಲಿಂ ಹೆಂಗಸು ತನ್ನ ಮನೆಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ಅವಳ ಗಂಡ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಎಲ್ಲರೂ ಅವಳನ್ನು ಆಪಾ ಎನ್ನುತ್ತಿದ್ದರು. ನಾನು ದುಪಟ್ಟಾದಿಂದ ಅರ್ಧ ಮುಖ ಮುಚ್ಚಿಕೊಂಡು ಹೋದೆ. "ಕಣ್ಣಿನ ಕೆಳಗ ಕಪ್ಪಾಗೇತ್ರಿ ಆಪಾ. ನಿದ್ದಿ ಸರಿ ಬರೂದಿಲ್ಲ" ಎಂದೆ. ಅವಳು ದುಪಟ್ಟಾ ಸರಿಸಿ ನೋಡಿದಳು. ನಿದ್ದೆಗೆಟ್ಟರೆ ಎರಡೂ ಕಣ್ಣಿನ ಕೆಳಗೆ ಕಪ್ಪಾಗುತ್ತದೆ, ಒಂದೇ ಕಣ್ಣಿನ ಕೆಳಗೆ ಊದಿಕೊಂಡು ಅಂಚಿನಲ್ಲಿ ಹಳದಿಯಾಗುವುದಿಲ್ಲ. ಅವಳಿಗೆ ಗೊತ್ತಾಯಿತು. ಗೊತ್ತಾಯಿತೆಂದು ನನಗೂ ಗೊತ್ತಾಯಿತು.

"ಹೌದು ತಂಗಿ, ನಿದ್ದಿ ಇಲ್ದಿದ್ರ ಹಿಂಗ ಆಗ್ತದ" ಎಂದಳು.

ಅವಳೇ ಕಲಿಸಿದಳು. ನೀಲಿಯ ಮೇಲೆ ನೇರವಾಗಿ ಮೈಬಣ್ಣ ಹಚ್ಚಬಾರದು, ಮೊದಲು ಕೇಸರಿ ಬಣ್ಣದ್ದನ್ನು ತೆಳ್ಳಗೆ ಹಚ್ಚಬೇಕು. ನಾಲ್ಕೈದು ದಿನವಾಗಿ ಹಳದಿಗೆ ತಿರುಗಿದರೆ ಅದಕ್ಕೆ ಬೇರೆ ಬಣ್ಣ. ಉಜ್ಜಬಾರದು, ಉಂಗುರದ ಬೆರಳಿನಿಂದ ತಟ್ಟಬೇಕು, ಆ ಬೆರಳಿಗೆ ಬಲ ಕಡಿಮೆ, ನೋವಾಗುವುದಿಲ್ಲ. ಎಲ್ಲ ಮುಗಿಸಿ ಕನ್ನಡಿ ಹಿಡಿದಾಗ ಕಣ್ಣಿನ ಕೆಳಗೆ ಏನೂ ಇರಲಿಲ್ಲ. ಆದರೆ ಆ ಕಡೆಯ ಕೆನ್ನೆಯ ಚುಕ್ಕೆಗಳೂ ಮಾಯವಾಗಿದ್ದವು. ಒಂದು ಕೆನ್ನೆಯಲ್ಲಿ ಎಳ್ಳು, ಇನ್ನೊಂದು ಕೆನ್ನೆ ಬೋಳು.

"ಹಿಂಗ ಹೋದ್ರ ನೋಡಿದವರು ಕೇಳ್ತಾರ" ಎಂದು ಆಪಾ ಹುಬ್ಬಿನ ಪೆನ್ಸಿಲ್ ತೆಗೆದುಕೊಂಡಳು. ಬೋಳಾದ ಕೆನ್ನೆಯ ಮೇಲೆ ಸಣ್ಣ ಸಣ್ಣ ಚುಕ್ಕೆ ಇಟ್ಟು, ಬೆರಳಿನಿಂದ ಒತ್ತಿ ಮಸುಕು ಮಾಡಿದಳು. ನನ್ನ ಮದುವೆಗೆ ಅಳಿಸಿದ ಚುಕ್ಕೆಗಳನ್ನು ಈಗ ಮತ್ತೆ ಬರೆಯಬೇಕಾಯಿತು.

ಎರಡು ವರ್ಷ ಹೀಗೆ ನಡೆಯಿತು. ನನ್ನ ಕೈ ಎಷ್ಟು ಪಳಗಿತೆಂದರೆ, ಓಣಿಯ ಹೆಂಗಸರು ತಮ್ಮ ಮನೆಯ ಮದುವೆಗಳಿಗೆ ನನ್ನನ್ನೇ ಕರೆಯತೊಡಗಿದರು. ಒಂದು ಮದುವೆಯಲ್ಲಿ, ಹಿಂದಿನ ದಿನ ತುಟಿ ಒಡೆಸಿಕೊಂಡ ನಾನು ಮದುಮಗಳ ತುಟಿಗೆ ಬಣ್ಣ ಹಚ್ಚಿದೆ. ನಮ್ಮಿಬ್ಬರ ಫೋಟೊ ತೆಗೆದರು. ಇಬ್ಬರೂ ಚೆಂದ ಬಂದಿದ್ದೇವೆ ಎಂದು ಎಲ್ಲರೂ ಅಂದರು.

ಅವ್ವ ಹೇಳದೆ ಕೇಳದೆ ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ. ಅವನು ಪಾಳಿಗೆ ಹೋಗಿದ್ದ, ಅತ್ತೆ ಗುಡಿಗೆ. ಹಿಂದಿನ ದಿನ ಅವನು ನನ್ನ ಮುಖಕ್ಕೆ ಗುದ್ದಿದ್ದ. ಅವ್ವ ಬರುವ ಹೊತ್ತಿಗೆ ನಾನು ಅದನ್ನೆಲ್ಲ ಮುಚ್ಚಿ, ಚುಕ್ಕೆಗಳನ್ನು ಬರೆದು ಮುಗಿಸಿದ್ದೆ. ಚಹಾ ಕೊಟ್ಟೆ. ಅವ್ವ ಕುಡಿಯುತ್ತ ನನ್ನ ಮುಖವನ್ನೇ ನೋಡಿದಳು. ಕಪ್ಪು ಕೆಳಗಿಟ್ಟಳು.

"ಈ ಎಳ್ಳು ಇಲ್ಲಿ ಇದ್ದಿದ್ದಿಲ್ಲ" ಎಂದಳು.

"ಯಾವುದ ಬೇ?"

"ಇದು. ಇಲ್ಲಿ ಮೂರು ಇದ್ದವು, ಒಂದರ ಕೆಳಗೊಂದು. ಈಗ ನಾಕು ಅದಾವ." ಕೈ ಚಾಚಿ ಹೆಬ್ಬೆರಳಿನಿಂದ ಒತ್ತಿದಳು. ನನಗೆ ಜೀವ ಹೋದಂತಾಗಿ ಚೀರಿದೆ. ಅವ್ವನ ಹೆಬ್ಬೆರಳಿಗೆ ಕಂದು ಬಣ್ಣ ಅಂಟಿತ್ತು. ಅದನ್ನು ಅವಳು ಬಹಳ ಹೊತ್ತು ನೋಡಿದಳು. ಅಳಲಿಲ್ಲ. "ಅರಿವಿ ತುಂಬಿಕೋ" ಎಂದಳಷ್ಟೇ. ಅತ್ತೆ ಗುಡಿಯಿಂದ ಬರುವ ಮೊದಲೇ ನಾವು ಹಳಿಯಾಳದ ಬಸ್ಸಿನಲ್ಲಿದ್ದೆವು.

ಭಾನುವಾರ ಅವರ ಕಡೆಯವರು ಬಂದರು. ಅವನು, ಅತ್ತೆ, ಅವನ ಕಾಕಾ. ನಮ್ಮ ಕಡೆಯಿಂದ ಅಪ್ಪ ಮತ್ತು ನಮ್ಮ ಓಣಿಯ ಇಬ್ಬರು ಹಿರಿಯರು. ಅಪ್ಪ ದನಗಳ ಹಿಂಡಿ ಮಾರುವ ಅಂಗಡಿ ಇಟ್ಟಿದ್ದ, ಯಾರ ಮೇಲೂ ದನಿ ಎತ್ತಿದವನಲ್ಲ. ಅವ್ವ ಅವನಿಗೆ ವಿಷಯ ಹೇಳಿದ್ದಳು. ಆದರೆ ಅಪ್ಪನಿಗೆ ಆ ಮುಖ ತೋರಿಸುವ ಧೈರ್ಯ ನನಗಿರಲಿಲ್ಲ. ಊರಿಗೆ ಬಂದ ಮೇಲೂ ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಬಣ್ಣ ಹಚ್ಚಿಕೊಂಡಿದ್ದೆ. ಅಂದೂ ಹಚ್ಚಿಕೊಂಡಿದ್ದೆ.

"ಹೊಡದಾನ ಅಂತ ಹೇಳ್ತಾಳ ಮಗಳು" ಎಂದ ಅಪ್ಪ.

ಕಾಕಾ ನನ್ನ ಕಡೆ ತಿರುಗಿದ. "ನೋಡ್ರಿ, ನಿಮ್ಮ ಮುಂದನ ಕೂತಾಳ. ಮಾರಿ ಮ್ಯಾಲೆ ಒಂದು ಗೀರು ಐತೇನು? ಗಂಡ ಹೆಂಡತಿ ಅಂದಮ್ಯಾಲ ಒಂದು ಮಾತು ಹೋಗ್ತದ, ಒಂದು ಬರ್ತದ. ಅದನ್ನ ದೊಡ್ಡದು ಮಾಡಬಾರದು." ಹಿರಿಯರು ನನ್ನ ಮುಖ ನೋಡಿದರು. ಅವರಿಗೂ ಏನೂ ಕಾಣಲಿಲ್ಲ. ಒಬ್ಬರು ತಲೆಯಾಡಿಸಿದರು. ಅವನು ಕೈಕಟ್ಟಿ, ತಲೆ ತಗ್ಗಿಸಿ ಒಳ್ಳೆಯ ಅಳಿಯನಂತೆ ಕೂತಿದ್ದ.

ನಾನು ಎದ್ದು ಒಳಗೆ ಹೋಗಿ ಕೊಬ್ಬರಿ ಎಣ್ಣೆ, ಟವೆಲ್ಲು ತಂದೆ. ಅಲ್ಲೇ ಚಾಪೆಯ ಮೇಲೆ ಕೂತು, ಎಣ್ಣೆ ಸುರಿದುಕೊಂಡು ಮುಖ ಒರೆಸಿದೆ. ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಬಿಡಲಿಲ್ಲ. ಟವೆಲ್ಲಿಗೆ ಕೇಸರಿ ಬಂತು, ಕಂದು ಬಂತು. ಆಮೇಲೆ ಮುಖ ಎತ್ತಿದೆ. ಎಡಗಣ್ಣಿನ ಸುತ್ತ ಕಪ್ಪುಗಟ್ಟಿತ್ತು. ಅದರ ಕೆಳಗಿನಿಂದ ದವಡೆಯ ತನಕ ನೇರಳೆ, ಹಸಿರು, ಕಪ್ಪು. ಅಪ್ಪ ಗೋಡೆಗೆ ಕೈ ಊರಿ ಎದ್ದು ನಿಂತ.

ಆಗ ಅವನು ಎದ್ದ. ಹಿರಿಯರ ಮುಂದೆಯೇ ನನ್ನ ಕೂದಲಿಗೆ ಕೈ ಹಾಕಿ, "ನನ್ನ ಮರ್ಯಾದಿ ತಗೀತಿ?" ಎನ್ನುತ್ತ ಅದೇ ಕೆನ್ನೆಗೆ ಮುಷ್ಟಿಯಿಂದ ಗುದ್ದಿದ. ಒಳಗೆ ಏನೋ ಕುಸಿಯಿತು. ಬಾಯಿ ತುಂಬ ರಕ್ತ. ಬಿದ್ದ ನನ್ನ ಪಕ್ಕೆಗೆ ಒದ್ದ. ಅಪ್ಪ ಅವನ ಅಂಗಿ ಹಿಡಿದೆಳೆದ, ಅವನು ಅಪ್ಪನನ್ನೂ ನೂಕಿ ಕೆಡವಿದ. ಮತ್ತೆ ಕಾಲೆತ್ತಿದಾಗ ಅವ್ವ ಹಿಂದಿನಿಂದ ಬಂದಳು. ಬಂದವರಿಗೆ ನೀರು ಕೊಟ್ಟ ಹಿತ್ತಾಳೆಯ ತಂಬಿಗೆ ಅವಳ ಕೈಯಲ್ಲಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಅವನ ತಲೆಗೆ ಹೊಡೆದಳು. ಅವನು ತಿರುಗಿದ. ಹಣೆಗೆ ಇನ್ನೊಂದು ಹೊಡೆದಳು. ಮೊಣಕಾಲೂರಿ ಕುಸಿದ ಮೇಲೂ ಮತ್ತೊಂದಕ್ಕೆ ಕೈ ಎತ್ತಿದ್ದಳು. ಅಪ್ಪನೇ ಹಿಡಿದುಕೊಂಡ.

ಅವನ ಹಣೆಯಿಂದ ರಕ್ತ ಮೂಗಿನ ಮೇಲೆ ಇಳಿದು ಚಾಪೆಗೆ ತೊಟ್ಟಿಕ್ಕುತ್ತಿತ್ತು. ಅತ್ತೆ ನನ್ನ ಕಡೆ ನೋಡಿ, "ಅರಿವಿ ಒತ್ತಬೇ, ನಿನ್ನ ಗಂಡ" ಎಂದಳು. ಟವೆಲ್ಲು ನನ್ನ ಕೈಯಲ್ಲೇ ಇತ್ತು. ನಾನು ಕೊಡಲಿಲ್ಲ. ಅದನ್ನು ನನ್ನ ಬಾಯಿಗೆ ಒತ್ತಿಕೊಂಡೆ. ಅವನ ರಕ್ತ ನೋಡಿ ನನಗೆ ಸಂತೋಷವಾಯಿತೆಂದು ಹೇಳಿದರೆ ಅದು ಪೂರ್ತಿ ನಿಜವಲ್ಲ. ಆಗಲಿಲ್ಲವೆಂದರೆ ಅದು ಶುದ್ಧ ಸುಳ್ಳು.

ಕೆನ್ನೆಯ ಎಲುಬು ಮುರಿದಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದೆ. ಎರಡೂ ಕಡೆಯವರು ಪೊಲೀಸರಿಗೆ ದೂರು ಕೊಟ್ಟರು. ಅವ್ವ ಠಾಣೆಯಲ್ಲಿ "ಹೌದ್ರಿ, ನಾನ ಹೊಡದೇನಿ. ಇನ್ನೊಂದು ಹೊಡೀಬೇಕಿತ್ತು" ಎಂದು ಹೇಳಿ ವಕೀಲರ ತಲೆನೋವು ಹೆಚ್ಚಿಸಿದಳು. ಆ ಇಬ್ಬರು ಹಿರಿಯರು ಕಂಡದ್ದನ್ನು ಕಂಡಂತೆ ಹೇಳಿದರು, ಅದರಿಂದ ಉಳಿದುಕೊಂಡೆವು. ಆದರೆ ಅದಕ್ಕಿಂತ ಹಿಂದಿನ ಎರಡು ವರ್ಷದ್ದಕ್ಕೆ ತೋರಿಸಲು ಏನೂ ಇರಲಿಲ್ಲ.

"ಫೋಟೊ ಏನರ ಅದಾವೇನವಾ?" ಎಂದು ವಕೀಲರು ಕೇಳಿದರು.

ಫೋನಿನಲ್ಲಿ ಫೋಟೊಗಳು ಬೇಕಾದಷ್ಟಿದ್ದವು. ಮದುವೆಗಳಲ್ಲಿ, ಹಬ್ಬಗಳಲ್ಲಿ, ಅವನ ಪಕ್ಕದಲ್ಲಿ. ಎಲ್ಲದರಲ್ಲೂ ಮುಖ ನುಣ್ಣಗೆ, ನಗುನಗುತ್ತ. ಎದುರು ಪಕ್ಷದ ವಕೀಲರು ಕೋರ್ಟಿನಲ್ಲಿ ಅವನ್ನೇ ತಂದು ತೋರಿಸಿದರು. ನನ್ನ ಕೈಯ ಕೆಲಸವೇ ಅವನ ಪರವಾಗಿ ಸಾಕ್ಷಿ ಹೇಳಿತು. ಕಂಡು ಹೇಳಬಲ್ಲವಳು ಆಪಾ ಒಬ್ಬಳೇ. ಅವಳು ಬಂದಳು ಕೂಡ. ಗಂಡ ಬೇಡವೆಂದರೂ ದಾಂಡೇಲಿಯಿಂದ ಬಸ್ಸು ಹಿಡಿದು ಬಂದು, ಕಂಡದ್ದನ್ನೆಲ್ಲ ಹೇಳಿದಳು. ಹೊರಗೆ ನನ್ನ ಕೈ ಹಿಡಿದು, "ಆವತ್ತ ಬಣ್ಣ ಹಚ್ಚಬಾರದಿತ್ತು ನಾನು" ಎಂದಳು. "ಹಚ್ಚಿದ್ದಕ್ಕ ಅಷ್ಟು ದಿನ ಹೊರಗ ಅಡ್ಡಾಡಿದೆ ಆಪಾ" ಎಂದೆ. ಯಾರ ಮಾತು ಸರಿಯೋ ಇಂದಿಗೂ ತಿಳಿದಿಲ್ಲ.

ಮೂರು ವರ್ಷಕ್ಕೆ ಮದುವೆಯಿಂದ ಬಿಡುಗಡೆ ಸಿಕ್ಕಿತು. ಈಗ ಹಳಿಯಾಳದಲ್ಲಿ ನನ್ನದೇ ಪಾರ್ಲರ್ ಇದೆ. ಮದುವೆಯ ದಿನಗಳಲ್ಲಿ ಮುಂಡಗೋಡದ ಕಡೆ ಚಿಗಳ್ಳಿಯ ತನಕವೂ ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತೇನೆ. ನನ್ನ ಎಡಗೆನ್ನೆ ಈಗಲೂ ಸ್ವಲ್ಪ ತಗ್ಗಿದೆ. ಬಣ್ಣವನ್ನು ಮುಚ್ಚಬಹುದು, ತಗ್ಗನ್ನು ಮುಚ್ಚಲು ಬರುವುದಿಲ್ಲ. ನಾನು ಏನೂ ಹಚ್ಚಿಕೊಳ್ಳುವುದಿಲ್ಲ.

ನಿದ್ದೆಯಿಲ್ಲ, ಕಣ್ಣಿನ ಕೆಳಗೆ ಕಪ್ಪಾಗಿದೆ ಎಂದು ಹೇಳಿಕೊಂಡು ಬರುವವರು ಬರುತ್ತಲೇ ಇರುತ್ತಾರೆ. ಹೆಚ್ಚಿನವರದು ನಿಜವಾಗಿಯೂ ನಿದ್ದೆಗೆಟ್ಟ ಕಪ್ಪೇ. ಹೋದ ವರ್ಷ ಅಂಬಿಕಾನಗರದ ಕಡೆಯ ಒಬ್ಬಳು ಬಂದಳು. ಕಪ್ಪು ಒಂದೇ ಕಣ್ಣಿನ ಕೆಳಗಿತ್ತು. "ಬಾಗಲಾ ಬಡೀತ್ರಿ" ಎಂದಳು. ನಾನು ಪೆಟ್ಟಿಗೆ ತೆರೆಯಲಿಲ್ಲ. "ಮೊದಲ ಒಂದು ಫೋಟೊ ತಗೀತೇನಿ. ಆಮ್ಯಾಲ ಹಚ್ಚತೇನಿ. ಯಾರಿಗೂ ತೋರಿಸೂದಿಲ್ಲ" ಎಂದೆ. ಅವಳು ಎದ್ದು ಬಾಗಿಲ ತನಕ ಹೋದಳು. ಅಲ್ಲಿ ನಿಂತಳು. ತಿರುಗಿ ಬಂದು ಕುರ್ಚಿಯಲ್ಲಿ ಕೂತು ಸೆರಗು ಸರಿಸಿದಳು. ನಾಲ್ಕು ಕಡೆಯಿಂದ ತೆಗೆದೆ. ಆಮೇಲೆ, ಆಪಾ ಕಲಿಸಿದಂತೆ, ಬಲ ಕಡಿಮೆಯಿರುವ ಬೆರಳಿನಿಂದ ಕೇಸರಿ ತಟ್ಟಿದೆ. ಇನ್ನೂ ಎರಡು ಸಲ ಬಂದಳು. ಎರಡು ಸಲವೂ ತೆಗೆದೆ.

ಈ ಶ್ರಾವಣದಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಅಂಬಿಕಾನಗರದವಳ ದನಿ ಗುರುತು ಸಿಕ್ಕಿತು.

"ಅವು ಅದಾವೇನ್ರಿ, ಅಕ್ಕಾ?"

"ಅದಾವ. ಎಲ್ಲಿ ಕಳಸ್ಲಿ ಹೇಳು."

ಅವಳು ತನ್ನ ತಮ್ಮನ ನಂಬರ್ ಹೇಳಿದಳು. ನಾನು ಬರೆದುಕೊಂಡೆ.