ಕೊನೇ ಗೀರಿಗೆ ಇನ್ನೂ ಅರ್ಧ

ನನ್ನ ತಮ್ಮನಿಗೆ ಕಾರ್ಖಾನೆಯಲ್ಲಿ ‘ಕೂದಲೆಳೆ’ ಅಂತ ಅಡ್ಡಹೆಸರು. ಆಳು ನೋಡಿದರೆ ದಪ್ಪಗೆ, ದುಂಡಗೆ ಇದ್ದಾನೆ, ಹೆಸರಿಗೂ ಮೈಗೂ ಸಂಬಂಧವಿಲ್ಲ. ಅವನ ಕೆಲಸ ಉಕ್ಕಿನ ಅಳತೆಪಟ್ಟಿಗಳ ಮೇಲೆ ಗೀರು ಹಾಕುವುದು. ಶಾಲೆ ಹುಡುಗರು ಕತ್ತಿಕಾಳಗ ಆಡುವ ಪಟ್ಟಿ ಅಂದುಕೊಳ್ಳಬೇಡಿ. ಮೆಷಿನ್ ಮಾಡುವವರು, ಗಡಿಯಾರ ರಿಪೇರಿಯವರು ಕೊಳ್ಳುತ್ತಾರಲ್ಲ, ಅಂಥವು. ಸಣ್ಣ ಚಕ್ರವೊಂದನ್ನು ತಿರುಗಿಸಿದರೆ ಪಟ್ಟಿ ಇಷ್ಟೇ ಇಷ್ಟು ಸರಿಯುತ್ತದೆ, ಮೇಲಿನಿಂದ ವಜ್ರದ ಮೊನೆ ಇಳಿದು ಒಂದು ಗೀರು ಎಳೆಯುತ್ತದೆ, ಮತ್ತೆ ಚಕ್ರ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತನೆಂದರೆ ಪಕ್ಕದ ಗೋಡೆ ಬಿದ್ದರೂ ಆಸಾಮಿಗೆ ಗೊತ್ತಾಗುವುದಿಲ್ಲ. ಮನೆಗೆ ಬಂದಾಗಲೂ ಆ ಕಣ್ಣಿನ ಸುತ್ತ ಕೆಂಪು ಉಂಗುರ ಮೂಡಿರುತ್ತದೆ.

ನಾನು ಅವನ ಅಕ್ಕ. ಗಂಡ ಹೋದ ಮೇಲೆ ಅವನ ಮನೆಯಲ್ಲೇ ಇದ್ದೀನಿ, ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡ್ತೀನಿ. ಸುಕ್ಕು ಹೋದರೆ ಸಾಕು ಅನ್ನೋಳು ನಾನು. ಅವನಿಗೆ ಸುಕ್ಕಿನೊಳಗೆ ಇನ್ನೆಷ್ಟು ಸುಕ್ಕಿದೆ ಅಂತ ನೋಡಬೇಕು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಅಂದರೆ ಯಾರೂ ನಂಬುವುದಿಲ್ಲ. ಚಿಕ್ಕಂದಿನಲ್ಲಿ ಇಬ್ಬರಿಗೂ ಒಂದೊಂದು ಬಿಸ್ಕತ್ತು ಕೊಟ್ಟರೆ ನಾನು ಎರಡೇ ತುತ್ತಿಗೆ ಮುಗಿಸಿ ಕೈ ಕೊಡವುತ್ತಿದ್ದೆ. ಅವನು ಅರ್ಧ ತಿನ್ನುವುದು, ಉಳಿದದ್ದರಲ್ಲಿ ಅರ್ಧ ತಿನ್ನುವುದು, ಅದರಲ್ಲೂ ಅರ್ಧ. “ನಂದು ಯಾವತ್ತೂ ಮುಗಿಯಲ್ಲ ಕಣಕ್ಕ” ಅಂತ ಅಂಗೈಯಲ್ಲಿ ಪುಡಿ ಹಿಡಿದುಕೊಂಡು ಬೀಗುತ್ತಿದ್ದ. ಆಮೇಲೆ ಇರುವೆ ಬಂದು ಮುಗಿಸುತ್ತಿತ್ತು.

ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಅಡುಗೆಮನೆಗೂ ನಡುಮನೆಗೂ ನಡುವೆ ಇರುವ ಬಾಗಿಲ ಚೌಕಟ್ಟಿನಲ್ಲಿ ಹುಟ್ಟಿದ ದಿನಕ್ಕೊಂದು ಸಲ ಮಕ್ಕಳನ್ನು ನಿಲ್ಲಿಸಿ ಎತ್ತರ ಗುರುತು ಮಾಡುತ್ತಿದ್ದ. ಒಂದೇ ಮರದ ಮೇಲೆ ದೊಡ್ಡವಳ ಗೀರು ಎಡಕ್ಕೆ, ಚಿಕ್ಕವಳದು ಬಲಕ್ಕೆ. ಎಲ್ಲ ಮನೆಯಲ್ಲೂ ಪೆನ್ಸಿಲಿನಲ್ಲಿ ಹಾಕುತ್ತಾರೆ. ಇವನಿಗಾಗದು. “ಪೆನ್ಸಿಲ್ ಗೆರೆಗೆ ಅಗಲ ಇರತ್ತೆ. ಮಗು ಗೆರೆಯ ಮೇಲಂಚಿಗೋ ಕೆಳಂಚಿಗೋ ಅಂತ ಹೇಗೆ ಹೇಳ್ತೀಯ?” ಅನ್ನುವುದು, ಸೂಜಿಮೊನೆಯಲ್ಲಿ ಗೀರುವುದು.

ದೊಡ್ಡವಳು ಒಂಬತ್ತು ತುಂಬುವ ಮೊದಲೇ ಜ್ವರದಲ್ಲಿ ಹೋದಳು. ವಾರ ಕೂಡ ಮಲಗಲಿಲ್ಲ. ಹೊರಗೆ ಜನ ಕಾಯುತ್ತಿದ್ದಾಗ ತಮ್ಮ ಎಲ್ಲರನ್ನೂ ಕೋಣೆಯಿಂದ ಆಚೆ ಕಳಿಸಿ, ಚಾಪೆಯ ಮೇಲೆ ಮಲಗಿದ್ದ ಮಗುವಿನ ಪಕ್ಕದಲ್ಲಿ ತನ್ನ ಉದ್ದನೆಯ ಉಕ್ಕಿನ ಪಟ್ಟಿ ಇಟ್ಟು ಅಳೆದ. ನಾನು ಬಾಗಿಲ ಸಂದಿಯಿಂದ ನೋಡಿದೆ. ಪಟ್ಟಿಯ ಮೇಲೆ ಹೆಬ್ಬೆರಳಿನ ಉಗುರು ಒತ್ತಿಕೊಂಡು ಜನರ ನಡುವೆ ನಡೆದುಬಂದು ಚೌಕಟ್ಟಿನಲ್ಲಿ ಎಡಕ್ಕೆ ಒಂದು ಗೀರು ಎಳೆದ. ದುಃಖ ಒಬ್ಬೊಬ್ಬರನ್ನು ಒಂದೊಂದು ಕಡೆ ಎಳೆದುಕೊಂಡು ಹೋಗುತ್ತೆ ಅಂತ ನಾನು ತಡೆಯಲಿಲ್ಲ. ಅದೇ ದೊಡ್ಡವಳ ಕೊನೇ ಗೀರು.

ಆಮೇಲೆ ಅವನು ಕಾರ್ಖಾನೆಯಿಂದ ಬಂದವನೇ ಕೈಕಾಲು ತೊಳೆಯುವ ಮೊದಲು ಆ ಬಾಗಿಲ ಹತ್ತಿರ ನಿಲ್ಲುವುದು ಶುರುವಾಯಿತು.

“ಅಕ್ಕ, ಈ ಗೀರಿಂದ ಆ ಗೀರಿಗೆ ಹೋಗೋವಾಗ ನಡುವಿನ ಪ್ರತಿಯೊಂದು ಎತ್ತರದಲ್ಲೂ ಅವಳು ಇದ್ದಳು ತಾನೇ? ಒಂದನ್ನೂ ಬಿಟ್ಟು ಹಾರೋಕಾಗಲ್ಲ.”

“ಇದ್ದಳಪ್ಪ. ಈಗೇನು?”

“ಯಾವುದನ್ನೂ ನಾವು ನೋಡಲಿಲ್ಲ. ಎರಡು ಗೀರು ಮಾತ್ರ ಸಿಕ್ಕಿತು. ಉಳಿದ ಅಷ್ಟೂ ಎತ್ತರಗಳು ಎಲ್ಲಿ ಹೋದವು?”

“ಎಷ್ಟಿದ್ದವು ಅಂತ ಇಷ್ಟು ತಲೆ ಕೆಡಿಸಿಕೊಳ್ತೀಯೋ?”

“ಲೆಕ್ಕಕ್ಕೇ ಸಿಗಲ್ಲ. ಎಷ್ಟೇ ಹತ್ತಿರ ಎರಡು ಗೀರು ಹಾಕು, ನಡುವೆ ಇನ್ನೊಂದಕ್ಕೆ ಜಾಗ ಇದ್ದೇ ಇರತ್ತೆ. ಮೆಷಿನ್ ಸೋಲತ್ತೆ ಅಕ್ಕ, ಜಾಗ ಸೋಲಲ್ಲ.”

ಒಂದು ದಿನ ಅವನು ಮನೆಯಲ್ಲೇ ಬಿಟ್ಟುಹೋಗಿದ್ದ ಆ ಭೂತಗನ್ನಡಿ ಹಾಕಿಕೊಂಡು ನಾನೂ ನೋಡಿದೆ. ಬರಿಗಣ್ಣಿಗೆ ಕಂಡೂ ಕಾಣದ ಗೀರು ಕಾಲುವೆಯಷ್ಟು ಅಗಲ ಕಂಡಿತು. ಎರಡರ ನಡುವೆ ಬೋಳು ಮರ, ಹರಡಿಕೊಂಡು, ಯಾರೂ ಇಲ್ಲದ ಬಯಲಿನ ಹಾಗೆ. ನೋಡಿದಷ್ಟೂ ಅಗಲವಾಗುತ್ತಾ ಹೋಯಿತು. ಇಲ್ಲೊಂದು ಮಗು ನಿಂತುಹೋಗಿದ್ದರೆ ಹುಡುಕುವುದು ಹೇಗೆ ಅನ್ನಿಸಿತು ನೋಡಿ, ಕನ್ನಡಿ ಕಿತ್ತು ಡಬ್ಬಿಗೆ ಹಾಕಿದೆ. ಮತ್ತೆ ಮುಟ್ಟಲಿಲ್ಲ.

ಚಿಕ್ಕವಳು ಬೆಳೆಯುತ್ತಾ ಬಂದಳು. ಅವಳ ಬಲಗಡೆಯ ಗೀರುಗಳು ದೊಡ್ಡವಳ ಎಡಗಡೆಯ ಗೀರುಗಳನ್ನು ಒಂದೊಂದಾಗಿ ಹಿಂದೆ ಹಾಕಿ, ಆ ಕೊನೇ ಗೀರಿಗೆ ಎರಡು ಬೆರಳು ಬಾಕಿ ಉಳಿದಾಗ ತಮ್ಮನ ಮುಖ ಬಿಳಿಚಿಕೊಂಡಿತು. ಒಂದು ಸಂಜೆ ಹೆಂಡತಿಗೆ ಹೇಳಿಯೇಬಿಟ್ಟ: “ಆ ಎತ್ತರ ದಾಟಿದ ಮಗು ಈ ಮನೆಯಲ್ಲಿ ಇಲ್ಲ.” ಆ ಹೆಂಗಸು ಮಗಳು ಹೋದಾಗಿನಿಂದ ಹೆಚ್ಚು ಮಾತಾಡುವವಳೇ ಅಲ್ಲ. ಆವತ್ತೂ ತಲೆ ತಗ್ಗಿಸಿ ಒಳಗೆ ಹೋದಳು. ಆದರೆ ಚಿಕ್ಕವಳು ಅಲ್ಲೇ ಕೂತು ಕೇಳಿಸಿಕೊಂಡಿದ್ದಳು. ಆ ಗೀರು ಮುಟ್ಟಿದ ದಿನ ತಾನೂ ಅಕ್ಕನ ಹಾಗೇ ಹೋಗಿಬಿಡುತ್ತೇನೆ ಅಂತ ಆ ಕೂಸು ನಂಬಿತು. ಅಪ್ಪನೂ ನಂಬಿದ್ದ, ಅದಕ್ಕೇ ಅವಳು ನಂಬಿದಳು.

ಅಲ್ಲಿಂದ ವರ್ಷಕ್ಕೊಮ್ಮೆ ಇದ್ದ ಅಳತೆ ವಾರಕ್ಕೊಮ್ಮೆ ಆಯಿತು. ಭಾನುವಾರ ಮಧ್ಯಾಹ್ನ ಅವಳನ್ನು ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಪಟ್ಟಿ ಒತ್ತಿ, ಗೀರು ಎಳೆದು ಹೇಳುತ್ತಿದ್ದ: “ಇನ್ನೂ ಅರ್ಧ ಇದೆ ಮಗಳೇ.” ಮುಂದಿನ ಸಲ ಆ ಅರ್ಧದಲ್ಲಿ ಅರ್ಧ. ಆಮೇಲೆ ಅದರಲ್ಲೂ ಅರ್ಧ.

ನನಗೆ ರೇಗಿತು. “ಏನೋ ನಿನ್ನ ಹುಚ್ಚಾಟ?”

“ಅರ್ಧ ದಾಟಿದ ಮೇಲೆ ಉಳಿದಿದ್ದರಲ್ಲಿ ಅರ್ಧ ದಾಟಬೇಕು ಅಕ್ಕ. ಆಮೇಲೂ ಅರ್ಧ ಉಳಿಯತ್ತೆ. ಅರ್ಧಗಳು ಮುಗಿಯೋದೇ ಇಲ್ಲ. ಅವು ಮುಗಿಯದೆ ಇವಳು ತಲುಪೋದು ಹೇಗೆ?”

“ಅಯ್ಯೋ ಪುಣ್ಯಾತ್ಮ! ಹಾಗಾದರೆ ನೀನು ದಿನಾ ಕಾರ್ಖಾನೆಗೆ ಹೇಗೆ ಹೋಗ್ತೀಯ? ಮೊದಲು ಅರ್ಧ ದಾರಿ, ಆಮೇಲೆ ಉಳಿದಿದ್ದರಲ್ಲಿ ಅರ್ಧ, ಹೀಗೇ ಬೀದಿಯಲ್ಲೇ ಮುದುಕ ಆಗಬೇಕಿತ್ತಲ್ಲ?”

ಅವನು ನಗಲಿಲ್ಲ. “ನಾನು ನಡೆಯೋವಾಗ ಯಾರೂ ಗೀರು ಹಾಕ್ತಾ ಇರಲ್ಲ” ಅಂದ. ಆಮೇಲೆ ಮಗಳ ಕಡೆ ತಿರುಗಿ, ಧೈರ್ಯ ಹೇಳುವವನ ಹಾಗೆ, “ಹೆದರಬೇಡ. ನಿನಗೆ ಉಳಿದಿರೋ ಈ ಸಣ್ಣ ಸಂದಿನಲ್ಲಿ ಎಷ್ಟು ಜಾಗಗಳಿವೆಯೋ ಇಡೀ ಬಾಗಿಲಲ್ಲೂ ಅಷ್ಟೇ ಇರೋದು. ಒಂದಕ್ಕೊಂದು ಜೋಡಿ ಮಾಡ್ತಾ ಹೋದರೆ ಒಂದೂ ಹೆಚ್ಚು ಬರಲ್ಲ” ಅಂದ.

ಹುಡುಗಿ ಕೇಳಿದಳು, “ಹಾಗಾದ್ರೆ ನಾನು ಇನ್ನೂ ಬೆಳೆಯೋಕೆ ಶುರುನೇ ಮಾಡಿಲ್ವಾ ಅಪ್ಪ?”

ಅವನು ಪಟ್ಟಿ ಒರೆಸತೊಡಗಿದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನೋಣ ಅಂದರೆ ಇಲ್ಲಿ ಬೆಕ್ಕಿಗೂ ಪ್ರಾಣಸಂಕಟವೇ ಆಗಿತ್ತು.

ಚಳಿ ಶುರುವಾದ ದಿನಗಳು. ಒಂದು ಬೆಳಿಗ್ಗೆ ಜಡೆ ಹಾಕುವಾಗ ಹುಡುಗಿ ಮೆಲ್ಲಗೆ ಹೇಳಿದಳು, “ಅತ್ತೆ, ಆ ಬಾಗಿಲಲ್ಲಿ ನಿಂತರೆ ತಲೆ ಮೇಲೆ ಯಾರೋ ಕೈ ಇಟ್ಟ ಹಾಗೆ ಆಗತ್ತೆ. ತಣ್ಣಗೆ.”

“ನಿಮ್ಮಪ್ಪನ ಉಕ್ಕಿನ ಪಟ್ಟಿ ಕಣೇ ಅದು.”

“ಅಪ್ಪ ಇಲ್ಲದಾಗಲೂ ಆಗತ್ತೆ.”

ನನ್ನ ಕೈಯಲ್ಲಿ ಬಾಚಣಿಗೆ ಹಾಗೇ ನಿಂತಿತು. “ಸುಮ್ನಿರೇ, ಏನೇನೋ ಹೇಳಬೇಡ” ಅಂತ ಗದರಿಸಿ ಜಡೆ ಬಿಗಿದೆ. ಎರಡು ಮೂರು ವಾರ ಅದೇ ಮಾತು ಹೇಳಿದಳು. ಆಮೇಲೆ ಹೇಳುವುದನ್ನು ನಿಲ್ಲಿಸಿದಳು. ನಾನೂ ಮರೆತೆ.

ಚಳಿ ಹೋಗಿ ಬಿಸಿಲು ಬರುವ ಹೊತ್ತಿಗೆ ಮಗುವಿನ ಮುಖ ಬಾಡಿಹೋಗಿತ್ತು. ಊಟಕ್ಕೆ ಕೂತರೆ “ಅರ್ಧ ಸಾಕು” ಅನ್ನುವುದು. ಇನ್ನೊಂದು ದಿನ ಆ ಅರ್ಧದಲ್ಲಿ ಅರ್ಧ. ತಿನ್ನದಿದ್ದರೆ ಬೆಳೆಯುವುದಿಲ್ಲ, ಬೆಳೆಯದಿದ್ದರೆ ಸಾಯುವುದಿಲ್ಲ. ಇದು ಅವಳ ಲೆಕ್ಕ. ಅಮ್ಮ ಗೋಗರೆದಳು, ನಾನು ಬೈದೆ, ಯಾವುದೂ ನಾಟಲಿಲ್ಲ. ಚೌಕಟ್ಟಿನಲ್ಲಿ ಗೀರುಗಳು ಎಷ್ಟು ಒತ್ತೊತ್ತಾಗಿದ್ದವು ಅಂದರೆ ಕೊನೇ ಗೀರಿನ ಕೆಳಗೆ ದೂರಕ್ಕೆ ಒಂದು ಕಪ್ಪು ಪಟ್ಟಿ ಕಾಣುತ್ತಿತ್ತು. ಸಂಜೆ ದೀಪ ಹಾಕಿದರೂ ಆ ಜಾಗಕ್ಕೆ ಮಾತ್ರ ಬೆಳಕು ಹತ್ತುತ್ತಿರಲಿಲ್ಲ. ನೀರಿನ ಕೊಡ ಹಿಡಿದು ಅದನ್ನು ದಾಟುವಾಗ ನಾನು ಆ ಕಡೆಯ ಭುಜ ಒಳಕ್ಕೆ ಎಳೆದುಕೊಳ್ಳುತ್ತಿದ್ದೆ. ನಾನು, ಯಾರಿಗೂ ಹೆದರದವಳು!

ಒಂದು ಭಾನುವಾರ ಮಧ್ಯಾಹ್ನ ಅವಳನ್ನು ನಿಲ್ಲಿಸಿದ. ಕನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದ. “ಇದೆ” ಅಂದ, “ಕೂದಲೆಳೆಯಷ್ಟು ಇನ್ನೂ ಇದೆ.” ಉಸಿರು ಬಿಗಿಹಿಡಿದು ನಿಂತಿದ್ದ ಹುಡುಗಿ ಹಾಗೇ ಚೌಕಟ್ಟಿಗೆ ಜಾರಿಕೊಂಡು ಕೆಳಕ್ಕೆ ಕುಸಿದಳು.

ಚಾಪೆ ಹಾಸಿ ಮಲಗಿಸಿದೆವು. ಅವಳಮ್ಮ ನೀರಿಗೆ ಓಡಿದಳು, ನಾನು ಸೆರಗಿನಲ್ಲಿ ಗಾಳಿ ಬೀಸುತ್ತಾ ಅಂಗಾಲು ಉಜ್ಜುತ್ತಿದ್ದೆ. ಪಕ್ಕದಲ್ಲಿ ‘ಟಣ್’ ಅಂತ ಶಬ್ದವಾಯಿತು. ತಿರುಗಿ ನೋಡಿದರೆ ಅದೇ ಉದ್ದನೆಯ ಪಟ್ಟಿ. ಮಗುವಿನ ಪಕ್ಕದಲ್ಲಿ ಇಟ್ಟಿದ್ದಾನೆ. ಹಿಮ್ಮಡಿಯಿಂದ ನೆತ್ತಿಗೆ ಅಳೆದು, ಅದೇ ಹೆಬ್ಬೆರಳಿನ ಉಗುರು ಒತ್ತಿಕೊಂಡು ಕೂತಿದ್ದಾನೆ.

“ಏಯ್! ಉಸಿರಾಡ್ತಿರೋ ಮಗೂನ ಹಾಗೆ ಅಳೀತೀಯೇನೋ, ಪಾಪಿ!” ಕೊರಳಪಟ್ಟಿ ಹಿಡಿದು ಎಳೆದೆ.

ಅವನಿಗೆ ನಾನು ಕಾಣಿಸುತ್ತಲೇ ಇರಲಿಲ್ಲ. “ದಾಟಿಬಿಟ್ಟಿದ್ದಾಳೆ ಅಕ್ಕ” ಅಂದ. ಕಿರುಬೆರಳು ಅಡ್ಡ ಹಿಡಿದು ತೋರಿಸಿದ. “ಕೊನೇ ಗೀರಿಗಿಂತ ಇಷ್ಟು ಜಾಸ್ತಿ. ದಾಟಿಬಿಟ್ಟಳು.”

ಹುಡುಗಿ ಕಣ್ಣು ಬಿಟ್ಟು ಅದನ್ನೇ ಕೇಳಿಸಿಕೊಂಡಳು. “ಅತ್ತೆ, ನಾನು ಸಾಯ್ತೀನಾ?” ಅಂದಳು. ಆ ದನಿ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಬುದ್ಧಿ ಚುರುಕು. “ಈಗ ತಾನೇ ಬಾಗಿಲಲ್ಲಿ ಕೂದಲೆಳೆ ಕಮ್ಮಿ ಅಂದೆಯಲ್ಲೋ! ಬಿದ್ದ ಏಟಿಗೆ ಕಿರುಬೆರಳಷ್ಟು ಬೆಳೆದಳೇನೋ?” ಹುಡುಗಿಗೆ ನೀರು ಕುಡಿಸಿ, ಸುಧಾರಿಸಿಕೊಂಡ ಮೇಲೆ, ನಾನೇ ಕಂಕುಳಿಗೆ ಕೈ ಕೊಟ್ಟು ಬಾಗಿಲಿಗೆ ನಿಲ್ಲಿಸಿದೆ. “ನೆಟ್ಟಗೆ ನಿಲ್ಲು, ಮಂಡಿ ಬಗ್ಗಿಸಬೇಡ. ಅಳೆಯೋ ಈಗ.” ಗೀರಿಗಿಂತ ಕೂದಲೆಳೆ ಕೆಳಗೆ. “ಮಲಗು ಮಗಳೇ. ಅಳೆಯೋ.” ಗೀರಿಗಿಂತ ಕಿರುಬೆರಳು ಮೇಲೆ. ಇನ್ನೊಂದು ಸಲ ನಿಲ್ಲಿಸಿದೆ, ಇನ್ನೊಂದು ಸಲ ಮಲಗಿಸಿದೆ. ಅಷ್ಟೇ ಬಂತು.

“ಉಲ್ಲನ್ ಬಟ್ಟೆ ನೇತುಹಾಕಿದರೆ ಒಂದು ಉದ್ದ, ಹಾಸಿದರೆ ಒಂದು ಉದ್ದ. ದಿನಾ ನೋಡ್ತೀನಿ ನಾನು” ಅಂದೆ. “ಮನುಷ್ಯರದ್ದು ಅದರ ಉಲ್ಟಾ ಇರಬೇಕು. ನಿಂತರೆ ಮೈಭಾರಕ್ಕೆ ಒಂದಿಷ್ಟು ಕುಗ್ತಾರೆ, ಮಲಗಿದರೆ ಉದ್ದ ಆಗ್ತಾರೆ.”

ಆಗ ಅವನ ಹೆಂಡತಿ ಬಾಯಿ ಬಿಟ್ಟಳು. ನೀರಿನ ಲೋಟ ಹಿಡಿದುಕೊಂಡೇ ಹೇಳಿದಳು, “ದೊಡ್ಡವಳನ್ನ ಮಲಗಿಸಿ ತಾನೇ ಅಳೆದಿದ್ದು.”

ತಮ್ಮ ಎದ್ದು ಚೌಕಟ್ಟಿನ ಹತ್ತಿರ ಹೋಗಿ ಆ ಕೊನೇ ಗೀರಿನ ಕೆಳಗೆ ಕಿರುಬೆರಳು ಅಡ್ಡ ಇಟ್ಟ. ಪೆನ್ಸಿಲ್ ಗೆರೆಯ ಅಗಲಕ್ಕೆ ಜಗಳ ಆಡುತ್ತಿದ್ದವನು, ಮಲಗಿದ ಮಗುವಿನ ಉದ್ದವನ್ನು ನಿಂತ ಮಕ್ಕಳ ಸಾಲಿನಲ್ಲಿ ಗೀರಿಬಿಟ್ಟಿದ್ದ. ಅಷ್ಟು ಎತ್ತರಕ್ಕೆ ದೊಡ್ಡವಳು ಯಾವತ್ತೂ ನಿಂತಿರಲೇ ಇಲ್ಲ. ಅವಳ ನಿಜವಾದ ಎತ್ತರ ಅದರ ಕೆಳಗೆ, ಆ ಕಪ್ಪು ಪಟ್ಟಿಯೊಳಗೆ ಎಲ್ಲೋ ಇತ್ತು. ಚಿಕ್ಕವಳು ಅದನ್ನು ಯಾವತ್ತೋ ದಾಟಿ ಬಂದಿದ್ದಳು. ಅರ್ಧ, ಅರ್ಧದಲ್ಲಿ ಅರ್ಧ ಅಂತ ಅವನು ತಡೆದು ನಿಲ್ಲಿಸುತ್ತಿದ್ದ ಹೊತ್ತಿನಲ್ಲಿ ಯಾರಿಗೂ ಗೊತ್ತಿಲ್ಲದೆ ದಾಟಿ, ಶಾಲೆಗೆ ಹೋಗಿ, ಜಡೆ ಹಾಕಿಸಿಕೊಂಡು, ಬದುಕಿಯೇ ಇದ್ದಳು.

ಅವನು ಅಲ್ಲೇ ಕೂತು ಅತ್ತ. ದೊಡ್ಡವಳು ಹೋದ ದಿನವೂ ಅತ್ತಿರಲಿಲ್ಲ. ನಾನು ಬೈಯಬೇಕು ಅಂತ ಬಾಯಿ ತೆರೆದವಳು ಅವನ ತಲೆ ಹಿಡಿದುಕೊಂಡು ಅತ್ತೆ.

“ಯಾವ ಗೀರು ದೊಡ್ಡವಳದು?” ಅಂತ ಒಂದೇ ಸಮನೆ ಕೇಳತೊಡಗಿದ. “ಇಷ್ಟರಲ್ಲಿ ಯಾವುದು? ಇನ್ನು ಹೇಗೆ ಹುಡುಕಲಿ?”

ಚಿಕ್ಕವಳು ಗೋಡೆ ಹಿಡಿದು ಎದ್ದು ಬಂದಳು. ಹೆಚ್ಚು ಹುಡುಕಲೂ ಇಲ್ಲ. ಒತ್ತೊತ್ತು ಗೀರುಗಳು ಶುರುವಾಗುವ ಕಡೆ, ಚೌಕಟ್ಟಿನ ಮೇಲೆ ತೋರುಬೆರಳಿನ ಉಗುರು ಊರಿದಳು.

“ಇಲ್ಲಿ ಅಪ್ಪ. ಇಲ್ಲಿವರೆಗೂ ಅಕ್ಕ ನನ್ನ ತಲೆ ಮೇಲೆ ಕೈ ಇಟ್ಟಿದ್ದಳು. ಆಮೇಲೆ ತೆಗೆದುಬಿಟ್ಟಳು.”

ಬಾಚಣಿಗೆ ಹಿಡಿದು ಕೂತ ಆ ಚಳಿಯ ಬೆಳಿಗ್ಗೆ ನನಗೆ ನೆನಪಾಯಿತು. ತಮ್ಮ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ ನೋಡಿದ. ಅವಳ ಉಗುರಿದ್ದ ಕಡೆ ಗೀರಿರಲಿಲ್ಲ. ಎರಡು ಗೀರುಗಳ ನಡುವೆ ಬೋಳು ಮರ. ಸೂಜಿ ತೆಗೆದುಕೊಂಡ.

“ಬೆರಳು ಸ್ವಲ್ಪ ತೆಗಿ ಮಗಳೇ. ಗುರುತು ಮಾಡ್ತೀನಿ.”

“ತೆಗೆದರೆ ಆಮೇಲೆ ಸಿಗಲ್ಲ ಅಪ್ಪ.”

ಅವನು ಸೂಜಿ ಕೆಳಗಿಟ್ಟ. ಹುಡುಗಿ ಬೆರಳು ತೆಗೆಯಲಿಲ್ಲ, ನಾವೂ ತೆಗೆ ಅನ್ನಲಿಲ್ಲ. ಅವಳಮ್ಮ ತಟ್ಟೆಗೆ ಊಟ ಬಡಿಸಿಕೊಂಡು ಬಾಗಿಲಿಗೇ ಬಂದು, ಕಲಸಿ ಕಲಸಿ ಒಂದೊಂದೇ ತುತ್ತು ಅವಳ ಬಾಯಿಗಿಟ್ಟಳು. ಹುಡುಗಿ ಅಲ್ಲೇ ನಿಂತು, ಉಗುರು ಊರಿಕೊಂಡೇ, ತಟ್ಟೆಯಲ್ಲಿ ಏನೂ ಬಿಡದೆ ಉಂಡಳು.