ವಾಸಣ್ಣನ ಪರದೆಯ ಜಲಾಂತರ್ಗಾಮಿ

ಮೂಡುಬಿದಿರೆಯ ಮಗಳ ಮನೆಯಲ್ಲಿ ಮೊನ್ನೆ, ಮೊಮ್ಮಗಳು ಶಾಲೆಯಿಂದ ತಂದ ಪುಸ್ತಕವೊಂದು ಮೇಜಿನ ಮೇಲೆ ತೆರೆದು ಬಿದ್ದಿತ್ತು. ಹಳೆಯ ಯುದ್ಧದ ಫೋಟೊ: ನೀರಿನಿಂದ ಅರ್ಧ ಎದ್ದ ಜಲಾಂತರ್ಗಾಮಿ, ಅದರ ಬೆನ್ನ ಮೇಲೆ ಸಾಲಾಗಿ ನಿಂತ ಏಳು ಜನ ನಾವಿಕರು. ಕನ್ನಡಕ ಹುಡುಕುವ ಮೊದಲೇ ಗುರುತು ಹತ್ತಿತು. ಕೈಯಲ್ಲಿದ್ದ ಕಾಫಿ ಆರಿಹೋಯಿತು.

ಐವತ್ತರ ದಶಕದ ಕೊನೆಯಲ್ಲಿ ವಾಸಣ್ಣ ಬಂಟ್ವಾಳ ಪೇಟೆಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ. ಗಿರಾಕಿಯ ಹಿಂದೆ ಇಳಿಬಿಡುವ ಪರದೆಯ ಮೇಲೆ ಉಳಿದವರು ತಾಜಮಹಲೋ ಕಾರೋ ಬರೆಸಿದರೆ, ಇವನು ರದ್ದಿಯಲ್ಲಿ ಸಿಕ್ಕಿದ ಇಂಗ್ಲಿಷ್ ಪತ್ರಿಕೆಯ ಫೋಟೊ ನೋಡಿ ಜಲಾಂತರ್ಗಾಮಿ ಬರೆದ. ಮೂಲದಲ್ಲಿ ಏಳು ಜನ ನಾವಿಕರಿದ್ದರು. ಗಿರಾಕಿ ನಿಲ್ಲಲು ಜಾಗ ಬೇಕಲ್ಲ, ಅವರನ್ನು ಕೈಬಿಟ್ಟ. "ಎಮ್ಮೆಯ ಮೇಲೆ ನಿಂತ ಹಾಗೆ ಕಾಣ್ತದೆ ಮಾರಾಯ, ಹುಡುಗಿ ಮನೆಯವರು ಎಂತ ಹೇಳಿಯಾರು?" ಎಂದು ಮದುವೆಯ ಗಂಡುಗಳು ಜಾರಿಕೊಳ್ಳುತ್ತಿದ್ದರು. ಅದು ಎಮ್ಮೆಯಲ್ಲವೆಂದು ಎಲ್ಲರಿಗೂ ತಿಳಿಹೇಳುವ ಹೊಣೆಯನ್ನು, ಯಾರೂ ಕೊಡದಿದ್ದರೂ, ನಾನು ಹೊತ್ತುಕೊಂಡಿದ್ದೆ. ಆಗಷ್ಟೇ ಮಾಸ್ಟರನಾಗಿದ್ದೆ ನೋಡಿ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ.

ಸ್ಟುಡಿಯೊಗೆ ಮೊಟ್ಟೆ ಮಾರಲು ಬರುತ್ತಿದ್ದವಳು ಐಸಮ್ಮ. ಅವಳ ಗಂಡ ಬೊಂಬಾಯಿಗೆ ಹೋಗಿ ಹಡಗಿನ ಒಲೆಗೆ ಕಲ್ಲಿದ್ದಲು ಎಸೆಯುವ ಕೆಲಸಕ್ಕೆ ಸೇರಿದವ. ಮೊದಲ ದೊಡ್ಡ ಯುದ್ಧದ ಕಾಲದಲ್ಲಿ ಹಡಗಿನ ಜೊತೆಗೇ ಮುಳುಗಿದ. ಬಂದ ಇಂಗ್ಲಿಷ್ ಕಾಗದವನ್ನು ಓದಿ ಹೇಳಿದವರು ನನ್ನ ಅಪ್ಪ: ಬಿರುಗಾಳಿ. ಅಂದಿನಿಂದ ಐಸಮ್ಮನದು ಒಂದೇ ಮಾತು. "ಅಲ್ಲಾಹು ಗಾಳಿ ಕಳಿಸಿದ, ಕಡಲು ತಗೊಂಡಿತು. ಕಡಲಿಗೆ ಯಾರ ಮೇಲೂ ಹಗೆ ಇಲ್ಲ." ಆ ಮಾತನ್ನು ಕೋಲಿನ ಹಾಗೆ ಊರಿಕೊಂಡೇ ಅವಳು ನಲವತ್ತು ವರ್ಷ ನಡೆದಿದ್ದಳು.

ಒಂದು ಬೆಳಿಗ್ಗೆ ಪರದೆಯ ಮುಂದೆ ನಿಂತು, "ಇದೆಂತ, ಮೀನಾ ಮಾಸ್ಟ್ರೆ?" ಎಂದಳು. ನನಗೆ ಅಷ್ಟೇ ಸಾಕು. ನೀರೊಳಗೆ ಅಡಗುವುದು, ಕೊಳವೆಯಲ್ಲಿ ಮೇಲಿನದನ್ನು ನೋಡುವುದು, ಮೊದಲ ಯುದ್ಧದಲ್ಲಿ ಸಾಮಾನಿನ ಹಡಗುಗಳನ್ನೂ ಸಾಲುಸಾಲಾಗಿ ಮುಳುಗಿಸಿದ್ದು, ಯಾವುದನ್ನೂ ಬಿಡಲಿಲ್ಲ. ವಾಸಣ್ಣ ಎರಡು ಸಲ ಕೆಮ್ಮಿದ. ನೆಗಡಿ ಎಂದುಕೊಂಡೆ.

"ನನ್ನವರು ತೀರಿಹೋದ ಯುದ್ಧವಾ? ಇದರ ಒಳಗೆ ಜನ ಉಂಟಾ?"

"ಇಲ್ಲದೆ? ಅವರೇ ನಡೆಸುವುದು."

"ಹಡಗಿನಲ್ಲಿ ಜನ ಉಂಟು ಅಂತ ಅವರಿಗೆ ಕಾಣ್ತದಾ?"

"ಚೆನ್ನಾಗಿ ಕಾಣ್ತದೆ," ಎಂದೆ, ನಾನೇ ಕಂಡುಹಿಡಿದವನ ಹಾಗೆ.

ಅವಳು ಮೊಟ್ಟೆಯ ಬುಟ್ಟಿಯನ್ನು ಅಲ್ಲೇ ಬಿಟ್ಟು ನೇರ ನಮ್ಮ ಮನೆಗೆ ಹೋದಳು. ಎರಡನೆಯ ಸಲ ಸುಳ್ಳು ಹೇಳಲು ಅಪ್ಪನಿಗೆ ಆಗಲಿಲ್ಲ. ಸಂಜೆ ನನ್ನನ್ನು ಕರೆದರು. "ಕಾಗದದಲ್ಲಿ ನೀನು ಹೇಳಿದ್ದೇ ಇತ್ತು. ಇಪ್ಪತ್ತು ತುಂಬದ ಹುಡುಗಿ ಎದುರು ಕೂತಿದ್ದಳು. ಬಿರುಗಾಳಿ ಅಂದೆ. ನೀನು ಕಲಿತವ ಮಗಾ, ಅರ್ಧ ಗಂಟೆಯಲ್ಲಿ ತಪ್ಪು ತಿದ್ದಿಬಿಟ್ಟೆ." ಎರಡು ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮರುದಿನ ಐಸಮ್ಮ ಸ್ಟುಡಿಯೊಗೆ ಬಂದು, "ಅದರ ಒಳಗಿನವರ ಮುಖ ನನಗೆ ನೋಡಬೇಕು," ಎಂದಳು. ವಾಸಣ್ಣ ಪೆಟ್ಟಿಗೆಯ ತಳದಿಂದ ಪತ್ರಿಕೆ ತೆಗೆದು ಬಾಗಿಲ ಬೆಳಕಿಗೆ ಹಿಡಿದ. ಇವರೇ ಅವರಲ್ಲ, ಇದು ಬೇರೆ ಯಾವುದೋ ಇರಬೇಕು ಎಂದು ನಾನು ತೊದಲಿದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೊಂದೇ ಮುಖದ ಮೇಲೆ ಬೆರಳಿಟ್ಟು ನೋಡಿದಳು. ಒಬ್ಬ ನಗುತ್ತಿದ್ದ. ಒಬ್ಬ ಟೊಪ್ಪಿಯನ್ನು ಎದೆಗೆ ಒತ್ತಿಕೊಂಡಿದ್ದ. ಕೊನೆಯವನ ಮೇಲೆ ಬೆರಳು ನಿಂತಿತು.

"ಇವನಿಗೆ ಮೀಸೆ ಕೂಡ ಬರಲಿಲ್ಲ ಮಾಸ್ಟ್ರೆ. ಶಾಪ ಹಾಕುವ ಅಂತಲೇ ಬಂದೆ. ಈ ಮಕ್ಕಳಿಗೆ ಹೇಗೆ ಹಾಕುವುದು? ಕಡಲಿಗಾದರೆ ಬಿಟ್ಟುಕೊಟ್ಟಿದ್ದೆ. ಇನ್ನು ನನ್ನವರನ್ನು ಯಾರಿಗೆ ಬಿಟ್ಟುಕೊಡಲಿ?"

ವಾಸಣ್ಣ ಅದೇ ವಾರ ಪರದೆಗೆ ಬಿಳಿ ಬಣ್ಣ ಬಳಿದ. ಐಸಮ್ಮ ಆಮೇಲೂ ಮೊಟ್ಟೆ ಮಾರಿದಳು, ಕಡಲಿನ ಮಾತನ್ನು ಮಾತ್ರ ಮತ್ತೆ ಆಡಲಿಲ್ಲ. ನೇತ್ರಾವತಿಯ ದಂಡೆಯಲ್ಲಿ ಕೂತಾಗ ತುಟಿ ಅಲುಗುತ್ತಿತ್ತು, ಸ್ವರ ಹೊರಡುತ್ತಿರಲಿಲ್ಲ. ಅದನ್ನು ನೋಡಲಾರದೆ ನಾನು ಬೆಳ್ತಂಗಡಿಗೆ ವರ್ಗ ಮಾಡಿಸಿಕೊಂಡೆ. ಹೇಡಿತನಕ್ಕೆ ಸರಕಾರಿ ಮೊಹರು ಬಿತ್ತು. ಅರವತ್ತರ ದಶಕದಲ್ಲಿ ಅವಳು ತೀರಿಕೊಂಡಳು. ಸುದ್ದಿ ಮುಟ್ಟುವಾಗ ತಿಂಗಳು ಕಳೆದಿತ್ತು. ನಾನು ಅವಳಲ್ಲಿ ತಪ್ಪಾಯಿತು ಎಂದು ಹೇಳಲೇ ಇಲ್ಲ.

ಮೊಮ್ಮಗಳು ಬಂದು ನನ್ನ ಭುಜದ ಮೇಲಿಂದ ಪುಸ್ತಕಕ್ಕೆ ಬಗ್ಗಿದಳು. "ಇದರಲ್ಲಿ ಎಂತ ಉಂಟು ಅಜ್ಜ?" ಒಂದು ಕೇಳಿದರೆ ಅಜ್ಜ ಹತ್ತು ಹೇಳುತ್ತಾನೆಂದು ಮನೆಯವರಿಗೆಲ್ಲ ಗೊತ್ತು. ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಹುಡುಗರು, ಮಗಾ," ಎಂದೆ.

ಅವಳು ಮುಂದಿನ ಮಾತಿಗೆ ಕಾದಳು. ನಾನು ಮೀಸೆ ಬಾರದ ಆ ಕೊನೆಯವನ ಮೇಲೆ ಬೆರಳಿಟ್ಟೆ.