ನೆಲಮಾಳಿಗೆಯ ಗೋಡೆಗೆ ಬಣ್ಣ ಹೊಡೆದದ್ದು

ನಮ್ಮ ಕಡೆ ಮನೆ ಮಾರುವವರು ಗೋಡೆಯ ಬಿರುಕಿಗೆ ಪುಟ್ಟಿ ಹಚ್ಚಿ, ಮೇಲೊಂದು ಕ್ಯಾಲೆಂಡರ್ ತೂಗುಹಾಕಿ, ಕೊಳ್ಳಲು ಬಂದವರಿಗೆ ಕಾಫಿ ಕೊಡುತ್ತಾರೆ. ನಾವು ಸ್ಟಾಕ್‌ಹೋಮಿನ ಪಕ್ಕದ ಸೊಲ್ಲೆಂಟುನಾದಲ್ಲಿ ಕೊಂಡ ಮನೆಯ ಹಿಂದಿನ ಯಜಮಾನರು ಮಾಡಿದ್ದು ಇದಕ್ಕೆ ತದ್ವಿರುದ್ಧ. ಎಂಬತ್ತು ದಾಟಿದ ಸ್ವೀಡಿಷ್ ಮುದುಕರು. ನಾನೂ ಹೆಂಡತಿಯೂ ಎರಡನೇ ಸಲ ಮನೆ ನೋಡಲು ಹೋದಾಗ ಏಜೆಂಟನನ್ನು ಹೊರಗೇ ಬಿಟ್ಟು, ಅಡುಗೆಮನೆ, ತೋಟ ಯಾವುದನ್ನೂ ತೋರಿಸದೆ, ನೇರವಾಗಿ ನೆಲಮಾಳಿಗೆಗೆ ಇಳಿಸಿ ದಕ್ಷಿಣದ ಗೋಡೆಗೆ ಟಾರ್ಚ್ ಹಿಡಿದರು. ಮೂಲೆಯಿಂದ ಕಿಟಕಿಯವರೆಗೆ ಓರೆಯಾಗಿ ಒಂದು ಬಿರುಕು. ಅದಕ್ಕೆ ಅಡ್ಡಲಾಗಿ ಮೂರು ಕಡೆ ಬೆರಳಗಲದ ತೆಳು ಗಾಜಿನ ಪಟ್ಟಿಗಳನ್ನು ಅಂಟಿಸಿದ್ದರು. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ, ಸಣ್ಣ ದುಂಡನೆಯ ಅಕ್ಷರದಲ್ಲಿ, ತಾರೀಖುಗಳ ಸಾಲು.

"ಇಲ್ಲಿ ಕೆಳಗೆಲ್ಲ ಜೇಡಿಮಣ್ಣು. ಹಿಂದೊಮ್ಮೆ ಈ ಮೂಲೆ ಕೂತುಬಿಟ್ಟಿತ್ತು," ಎಂದು ಅವರು ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು. "ಪಾಯ ಗಟ್ಟಿ ಮಾಡಿಸಿದ ಮೇಲೆ ಈ ಗಾಜು ಹಾಕಿದ್ದು. ಮನೆ ಕೂದಲೆಳೆಯಷ್ಟು ಕದಲಿದರೂ ಗಾಜು ಒಡೆಯುತ್ತೆ. ಇಪ್ಪತ್ತಾರು ವರ್ಷದಿಂದ ಒಡೆದಿಲ್ಲ. ವರ್ಷಕ್ಕೆ ಎರಡು ಸಲ ನೋಡಿ, ತಾರೀಖು ಹಾಕಿದ್ದೀವಿ. ನೀವೂ ಹಾಕ್ತಾ ಹೋಗಿ."

ನಾನು ತಲೆಯಾಡಿಸಿದೆ. ಪಾಪ, ಈ ಅಜ್ಜನಿಗೆ ವ್ಯಾಪಾರ ಗೊತ್ತಿಲ್ಲ ಎಂದು ಒಳಗೊಳಗೇ ನಕ್ಕೆ. ಅಂಥ ಬುದ್ಧಿವಂತ ನಾನು.

ಜೂನ್‌ನಲ್ಲಿ ಕೀಲಿಕೈ ಸಿಕ್ಕಿತು. ಆಷಾಢ ಹುಟ್ಟುವ ಮುಂಚೆ ಗೃಹಪ್ರವೇಶ ಆಗಬೇಕು, ಉಳಿದದ್ದು ಹತ್ತೇ ದಿನ. ಊಟಕ್ಕೆ ನಲವತ್ತು ಜನ, ಎಲ್ಲರೂ ನನ್ನ ಹಾಗೆ ಸೋಲ್ನಾ ಸುತ್ತಮುತ್ತಲ ಆಫೀಸುಗಳಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕನ್ನಡದವರು, ಅವರ ಹೆಂಡಿರು ಮಕ್ಕಳು. ಅಷ್ಟು ಜನರನ್ನು ಕೂರಿಸುವಷ್ಟು ದೊಡ್ಡ ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ ಮಾತ್ರ. ಊಟಕ್ಕೆ ಕೂತವರ ಕಣ್ಣೆದುರಿಗೇ ಆ ಬಿರುಕು! "ಹೋಗಿ ಹೋಗಿ ಬಿರುಕು ಬಿಟ್ಟ ಮನೆ ತಗೊಂಡಿದಾನೆ ನೋಡು" ಎಂಬ ಮಾತು ಯಾರೂ ಆಡುವ ಮುಂಚೆಯೇ ನನ್ನ ಕಿವಿಗೆ ಬಿದ್ದಿತ್ತು. ಪುಟ್ಟಿ, ಕೆರೆಯುವ ಬ್ಲೇಡು, ಎರಡು ಡಬ್ಬ ತಿಳಿಹಳದಿ ಬಣ್ಣ ತಂದೆ.

ಹೆಂಡತಿ ಮೆಟ್ಟಿಲಲ್ಲೇ ಅಡ್ಡ ನಿಂತಳು. "ರೀ, ಆ ಅಜ್ಜ ಅಷ್ಟೊಂದು ಹೇಳಿದಾರೆ. ಆ ಗೋಡೆ ತಂಟೆಗೆ ಹೋಗ್ಬೇಡಿ. ಒಂದು ಕರ್ಟನ್ ಹಾಕಿದ್ರೆ ಆಯ್ತಪ್ಪ."

"ಕರ್ಟನ್ ಹಾಕಿದ್ರೆ ಮೊದಲು ಅದನ್ನೇ ಎತ್ತಿ ನೋಡ್ತಾರೆ. ನಮ್ಮೋರು ನಿಂಗೆ ಗೊತ್ತಿಲ್ವಾ? ಶುಭಕಾರ್ಯದ ದಿನ ಒಡಕು ಗೋಡೆ ಮುಂದೆ ಊಟಕ್ಕೆ ಕೂರಿಸ್ತೀಯಾ?"

"ಹೋಗ್ಲಿ, ಅಟ್‌ಲೀಸ್ಟ್ ಒಂದು ಫೋಟೋ ಆದ್ರೂ ತೆಗೆದಿಟ್ಕೊಳ್ಳಿ."

"ಸುಮ್ನಿರೇ ತಾಯಿ. ಬಿರುಕಿನ ಫೋಟೋ ತೆಗೆದು ದೇವರ ಮನೇಲಿ ಇಡ್ತೀಯಾ?"

ನನ್ನ ಜಾಣ ಮಾತಿಗೆ ನಾನೇ ನಕ್ಕು ಕೆಳಗಿಳಿದೆ. ಮೊದಲ ಎರಡು ಪಟ್ಟಿ ಇಡಿಯಾಗಿ ಕಿತ್ತು ಬಂದವು, ಮೂರನೆಯದು ಬ್ಲೇಡಿಗೆ ಸಿಕ್ಕಿ ಚೂರಾಯಿತು. ಮೂರನ್ನೂ ಕಸಕ್ಕೆ ಹಾಕಿದೆ. ಪೆನ್ಸಿಲ್ ಗುರುತು ಬಣ್ಣದೊಳಗಿಂದ ಇಣುಕೀತೆಂದು ಮರಳುಕಾಗದ ಹಿಡಿದು ಚೆನ್ನಾಗಿ ಉಜ್ಜಿದೆ. ಆಫೀಸಿನ ಕೆಲಸವನ್ನು ಅಷ್ಟು ಅಚ್ಚುಕಟ್ಟಾಗಿ ನಾನೆಂದೂ ಮಾಡಿದವನಲ್ಲ. ಗೃಹಪ್ರವೇಶದ ದಿನ ಎಲ್ಲರೂ ಬಿಸಿಬೇಳೆಬಾತ್ ಉಂಡು, ಮನೆ ಹೊಸದರ ಹಾಗಿದೆ ಎಂದು ಹೊಗಳಿ ಹೋದರು. ನಾನು ಉಬ್ಬಿ ಹೋದೆ.

ಮನೆ ಕೊಳ್ಳುವಾಗಲೇ ವಿಮೆಗೆ ಅರ್ಜಿ ಹಾಕಿದ್ದೆ. ಈ ಮನೆ ಎಂದಾದರೂ ಕುಸಿದಿತ್ತೇ ಎಂದು ಅದರಲ್ಲೊಂದು ಪ್ರಶ್ನೆ. ಹೌದು ಎಂದು ಪ್ರಾಮಾಣಿಕವಾಗಿಯೇ ಬರೆದು, ಮನೆ ಪರೀಕ್ಷೆ ಮಾಡಿದವನ ವರದಿಯನ್ನೂ ಲಗತ್ತಿಸಿದ್ದೆ. ಆಗಸ್ಟ್‌ನಲ್ಲಿ ವಿಮೆ ಕಂಪನಿಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಬಹಳ ಸೌಜನ್ಯದ ದನಿ. ಬೆಂಕಿ, ನೀರು, ಕಳ್ಳತನ ಎಲ್ಲಕ್ಕೂ ವಿಮೆ ಇದೆ, ನೆಲ ಕುಸಿತಕ್ಕೆ ಮಾತ್ರ ಇನ್ನೂ ಒಪ್ಪಿಗೆ ಸಿಕ್ಕಿಲ್ಲ ಎಂದಳು.

"ಆದರೆ ನಿಮ್ಮ ಅದೃಷ್ಟ ಚೆನ್ನಾಗಿದೆ," ಅಂದಳು. "ಹಿಂದಿನ ಮಾಲೀಕರು ಗೋಡೆ ಮೇಲೆ ವರ್ಷಗಟ್ಟಲೆ ಗುರುತು ಹಾಕಿಟ್ಟಿದ್ದಾರೆ ಅಂತ ವರದಿಯಲ್ಲಿದೆ. ಅದರಲ್ಲಿರೋ ಫೋಟೋ ದೂರದಿಂದ ತೆಗೆದದ್ದು, ಓದೋಕೆ ಆಗ್ತಿಲ್ಲ. ಗಾಜು, ತಾರೀಖು ಎರಡೂ ಕಾಣೋ ಹಾಗೆ ನಾಲ್ಕು ಫೋಟೋ ಕಳಿಸಿ. ನೆಲ ಕುಸಿತವನ್ನೂ ಸೇರಿಸಿಬಿಡ್ತೀವಿ."

ನಾಲ್ಕು ಫೋಟೋ. ನನ್ನ ಮೊಬೈಲಿನಲ್ಲಿ ಆ ಮನೆಯ ಸೇಬಿನ ಮರದ್ದೇ ಮೂವತ್ತು ಫೋಟೋ ಇದ್ದವು. ಗೋಡೆಯದು ಒಂದೂ ಇಲ್ಲ. ಬಣ್ಣ ಹೊಡೆದೆ ಎಂದು ತೊದಲಿದೆ. ಹಾಗಾದರೆ ಹೊಸದಾಗಿ ಅಳೆಯಲು ಶುರುಮಾಡಿ, ಕೆಲವು ವರ್ಷ ಬಿಟ್ಟು ಮತ್ತೆ ಕೇಳಿ, ಅಲ್ಲಿಯವರೆಗೆ ನೆಲ ಕುಸಿದರೆ ನಮ್ಮ ಹೊಣೆಯಲ್ಲ ಎಂದಳು. ನಮ್ಮಿಬ್ಬರ ದುಡಿಮೆಯೆಲ್ಲ ಹೋಗಿ ಕೂತಿರುವುದು ಆ ಜೇಡಿಮಣ್ಣಿನ ಮೇಲೆ. ಮೂಲೆ ಇನ್ನೊಮ್ಮೆ ಕೂತರೆ ನಮ್ಮ ಕಥೆ ಮುಗಿಯಿತು. "ನಾನು ಹೇಳಿರ್ಲಿಲ್ವಾ" ಎಂದು ಹೆಂಡತಿ ಒಂದು ಮಾತು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

ಮುದುಕರ ಹತ್ತಿರ ಆ ತಾರೀಖುಗಳ ಪುಸ್ತಕವೇನಾದರೂ ಇದ್ದೀತು, ಕಡೇಪಕ್ಷ ಒಂದು ಪತ್ರವನ್ನಾದರೂ ಬರೆಸಿಕೊಳ್ಳೋಣ ಎಂಬ ಆಸೆ ಹುಟ್ಟಿತು. ಮನೆ ಮಾರಿದ ಮೇಲೆ ಅವರು ಶೋವ್ಡೆ ಎಂಬ ದೂರದ ಊರಿನಲ್ಲಿ, ಮಗಳ ಮನೆಯ ಸಮೀಪ, ವಯಸ್ಸಾದವರಿಗೆಂದೇ ಕಟ್ಟಿದ ಪುಟ್ಟ ಫ್ಲ್ಯಾಟಿನಲ್ಲಿದ್ದರು. ಅಕ್ಟೋಬರಿನ ಒಂದು ಭಾನುವಾರ ರೈಲು ಹತ್ತಿ ಹೋದೆ. ತೋಟದಲ್ಲಿ ಬಿಟ್ಟ ಸೇಬನ್ನು ಒಂದು ಚೀಲ ಒಯ್ದಿದ್ದೆ. ಅವರು ಒಂದನ್ನು ಕೈಗೆತ್ತಿಕೊಂಡು ಮೂಸಿ, ಅಲ್ಲೇ ಇದ್ದ ಮಗಳಿಗೂ ಮೂಸಲು ಕೊಟ್ಟರು. ಫೀಕಾ ಆಯಿತು. ಕಾಫಿ ಜೊತೆ ದಾಲ್ಚಿನ್ನಿ ಬನ್ನು ತಿನ್ನದೆ ಇಲ್ಲಿ ಯಾವ ಮಾತೂ ಶುರುವಾಗುವುದಿಲ್ಲ.

ವಿಮೆಯ ವಿಷಯ ಹೇಳಿ, ಪುಸ್ತಕವಿದೆಯೇ ಎಂದು ಕೇಳಿದೆ.

"ಪುಸ್ತಕ ಯಾಕೆ? ಗೋಡೆ ಎಲ್ಲಿಗೂ ಹೋಗಲ್ಲವಲ್ಲ," ಎಂದು ಮುದುಕರು ನಕ್ಕರು. "ಗಾಜು ಒಡೆದಿಲ್ಲ ತಾನೆ?"

ಹೇಳಬೇಕಾಗಿದ್ದ ಹೊತ್ತು ಅದೇ. ಹೇಳಲೆಂದೇ ಬಾಯಿ ತೆರೆದೆ. "ಒಡೆದಿಲ್ಲ," ಅಂದೆ. ಮನೆ ಕದಲಿ ಒಡೆದಿಲ್ಲವಲ್ಲ, ಅಷ್ಟರಮಟ್ಟಿಗೆ ಸುಳ್ಳಲ್ಲ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು.

ಅವರು ಖುಷಿಯಾಗಿ ಕಾಗದ ತರಿಸಿ ಬರೆಯತೊಡಗಿದರು. ಅಕ್ಷರ ದೊಡ್ಡದಾಗಿ, ಚೂಪಾಗಿ, ಸಾಲು ಬಿಟ್ಟು ಇಳಿಯುತ್ತಿತ್ತು. ಗೋಡೆಯ ಮೇಲಿದ್ದ ಬರಹ ಹೀಗಿರಲಿಲ್ಲ ಎಂದು ನನಗೆ ಹೊಳೆಯಿತು. ಅದನ್ನು ಗಮನಿಸಿದವರಂತೆ ಅವರೇ ಹೇಳಿದರು:

"ನಾನು ಟಾರ್ಚ್ ಹಿಡಿಯೋನು, ಬರೆಯೋಳು ನನ್ನ ಹೆಂಡತಿ. ನನ್ನ ಅಕ್ಷರ ಕೋಳಿ ಕೆರೆದ ಹಾಗೆ ಅಂತ ಪೆನ್ಸಿಲ್ ಮುಟ್ಟೋಕೂ ಬಿಡ್ತಿರಲಿಲ್ಲ. ಅವಳು ತೀರಿಕೊಂಡ ಮೇಲಿನ ಕೊನೆಯ ನಾಲ್ಕು ತಾರೀಖು ಮಾತ್ರ ನಂದು. ನೋಡಿದರೆ ಗೊತ್ತಾಗುತ್ತೆ, ಕೆಟ್ಟದಾಗಿವೆ."

ಮಗಳು ತಟ್ಟೆ ಎತ್ತುತ್ತ, "ಅಮ್ಮ ಒಂದು ಡೈರಿ ಬರೆದವಳಲ್ಲ," ಅಂದಳು. "ಕಾರ್ಡು, ಕಾಗದ ಎಲ್ಲ ಎಸೆಯೋ ಸ್ವಭಾವ. ಅವಳ ಕೈಬರಹ ಅಂತ ಉಳಿದಿರೋದು ನಿಮ್ಮನೆ ಗೋಡೆ ಮೇಲೆ ಮಾತ್ರ."

ನಾನು ಬನ್ನನ್ನು ಕಾಫಿಯಲ್ಲಿ ಅದ್ದಿ ನುಂಗಿದೆ. ಹಿಮ ಕರಗಿದ ಮೇಲೆ ಒಮ್ಮೆ ಬಂದು ನೋಡಬಹುದೇ ಎಂದು ಮುದುಕರು ಕೇಳಿದರು. ಅಯ್ಯೋ, ಅದಕ್ಕೇನಂತೆ, ಖಂಡಿತ ಬನ್ನಿ ಅಂದೆ. ನಮ್ಮವರ ನಾಲಿಗೆಗೆ ಅಂಟಿಕೊಂಡ ಮರ್ಯಾದೆಯ ಮಾತು, ತಾನಾಗಿಯೇ ಬಂದುಬಿಟ್ಟಿತು. ಇಲ್ಲಿಯವರು ಬರುತ್ತೇನೆಂದರೆ ಬಂದೇ ಬರುತ್ತಾರೆ ಎಂಬುದು ವಾಪಸು ರೈಲಿನಲ್ಲಿ ಕೂತ ಮೇಲೆ ನೆನಪಾಯಿತು.

ಪತ್ರದ ಕೊನೆಯ ಸಾಲು ಹೀಗಿತ್ತು: ನಾನೂ ನನ್ನ ಹೆಂಡತಿಯೂ ಹಾಕಿದ ಗುರುತುಗಳು ಗೋಡೆಯ ಮೇಲಿವೆ, ಯಾರು ಬೇಕಾದರೂ ಬಂದು ನೋಡಬಹುದು. ಇದನ್ನು ವಿಮೆಯವರಿಗೆ ಹೇಗೆ ಕಳಿಸಲಿ? ಕಳಿಸಿದರೆ ಮುದುಕರನ್ನೂ ಸುಳ್ಳುಗಾರರನ್ನಾಗಿ ಮಾಡಿದ ಹಾಗೆ. ಕಳಿಸಲಿಲ್ಲ. ನೆಲ ಕುಸಿತ ಬಿಟ್ಟು ಉಳಿದದ್ದಕ್ಕೆಲ್ಲ ಅನ್ವಯಿಸುವ ಪಾಲಿಸಿ ಅಂಚೆಯಲ್ಲಿ ಬಂತು. ಅವರ ಮುಂದೆ ನಿಜ ಒಪ್ಪಿಕೊಂಡಿದ್ದರೆ, ಗುರುತುಗಳು ಅಳಿಸಿಹೋಗಿವೆ, ಆದರೆ ಮನೆ ಕದಲಿಲ್ಲ ಎಂದೇ ಅವರು ಬರೆದುಕೊಡುತ್ತಿದ್ದರೋ ಏನೋ, ವಿಮೆಯವರು ಅದನ್ನೇ ನಂಬುತ್ತಿದ್ದರೋ ಏನೋ. ಆ ದಾರಿಯನ್ನೂ ನಾನೇ ಮುಚ್ಚಿದ್ದೆ.

ಏಪ್ರಿಲ್‌ನಲ್ಲಿ ಮುದುಕರ ಮಗಳ ಫೋನ್ ಬಂತು. ಬರುವ ಶನಿವಾರ ಸ್ಟಾಕ್‌ಹೋಮಿಗೆ ಕಾರಿನಲ್ಲಿ ಬರುವವಳಿದ್ದಾಳೆ, ಅಪ್ಪನನ್ನೂ ಕರೆತರಲೇ? "ವಾರದಿಂದ ಇದೇ ಮಾತು ಅವರದ್ದು. ಹತ್ತು ನಿಮಿಷ ಆ ಗೋಡೆ ಮುಂದೆ ನಿಂತು ಹೊರಟುಬಿಡ್ತಾರಂತೆ. ಕಾಫಿ ಕೂಡ ಬೇಡ."

ಹೆಂಡತಿ ಎದುರಿಗೇ ಕೂತಿದ್ದಳು. ಮಾತು ಕೇಳಿಸಿಕೊಂಡು, ಹೇಳಿಬಿಡಿ ಎಂದು ಕೈಸನ್ನೆ ಮಾಡಿದಳು. ನಾನು ಅವಳಿಂದ ಮುಖ ತಿರುಗಿಸಿದೆ.

"ಛೆ, ಈ ಶನಿವಾರ ಮನೆ ತುಂಬ ನೆಂಟರು," ಅಂದೆ. "ಇನ್ನೊಂದು ಸಲ ನೋಡೋಣ."

ಪರವಾಗಿಲ್ಲ ಎಂದು ಅವಳು ಫೋನಿಟ್ಟಳು. ಮತ್ತೆ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಶನಿವಾರ ಬೆಳಿಗ್ಗೆ ಹೆಂಡತಿ ಎಂದಿನಂತೆ ಎದ್ದು, ಕಾಫಿ ತಂದು ನನ್ನ ಮುಂದಿಟ್ಟು, ಎದುರಿಗೆ ನಿಂತುಕೊಂಡಳು.

"ನೆಂಟರು ಎಷ್ಟು ಜನ ಬರ್ತಿದಾರೆ ರೀ? ಅಡುಗೆ ಎಷ್ಟು ಮಾಡ್ಲಿ?" ಎಂದು ಕೇಳಿದಳು.